ಊರು ನಗರವಾದಾಗ: ಬೆಳವಣಿಗೆ, ಪರಿಸರ, ಸಂಸ್ಕೃತಿ ಮತ್ತು ವಿಕಾಸವಾದ

ವಿಕಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನಿಲ್ಲುವುದು ದೂರದ ದ್ವೀಪಗಳು, ಅಳಿದುಹೋದ ಮಹಾಪ್ರಾಣಿಗಳು, ಕೋಟ್ಯಂತರ ವರ್ಷಗಳ ಕಾಲಮಾನ. ಇವೆಲ್ಲವೂ ಆ ಶಾಸ್ತ್ರದ ಅಂಗಗಳೇ ಸರಿ. ಆದರೆ ಕೆಲವೇ ದಶಕಗಳಲ್ಲಿ, ನಾವು ವಾಸಿಸುವ ಬೀದಿಗಳಲ್ಲಿಯೇ ಜೀವಿಗಳ ಸ್ವಭಾವವು ಬದಲಾಗುತ್ತಿರುವುದನ್ನು ಕಂಡಾಗ ಅದನ್ನು ವಿಕಾಸವೆನ್ನಬಹುದೇ, ಎನ್ನಬಹುದಾದರೆ ಯಾವ ಆಧಾರದ ಮೇಲೆ, ಎಂಬ ಪ್ರಶ್ನೆಯು ಏಳುತ್ತದೆ. ಈಚಿನ ವಿಕಾಸವಾದದಲ್ಲಿ ನಡೆದಿರುವ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ. ಅದನ್ನು ಆದಷ್ಟು ಮಟ್ಟಿಗೆ ನಮ್ಮ ನಾಡಿನ ಉದಾಹರಣೆಗಳಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

೧. ಪ್ರಶ್ನೆಯ ಸ್ವರೂಪ

ಬೆಂಗಳೂರಿನ ಪೂರ್ವಭಾಗದಲ್ಲಿ, ಸಿ. ವಿ. ರಾಮನ್ ನಗರಕ್ಕೆ ಹೊಂದಿಕೊಂಡಿರುವ ಕಗ್ಗದಾಸಪುರವನ್ನು ತೆಗೆದುಕೊಳ್ಳೋಣ. ಕೆರೆಯ ಆಸರೆಯಲ್ಲಿದ್ದ ಈ ಹಳ್ಳಿಯು ಒಂದೆರಡು ತಲೆಮಾರುಗಳೊಳಗೆ ಮನೆಗಳು ಒತ್ತೊತ್ತಾಗಿ ನಿಂತ ಬಡಾವಣೆಯಾಗಿದೆ. ಹೊಲವಿದ್ದೆಡೆ ಕಟ್ಟಡಗಳೆದ್ದವು, ಬಾವಿಯ ಬದಲಿಗೆ ಕೊಳವೆಬಾವಿಯೂ ತಾರಸಿಯ ಮೇಲಿನ ತೊಟ್ಟಿಯೂ ಬಂದವು, ಕೆರೆಗೆ ಮಳೆನೀರಿನೊಡನೆ ಕೊಳಚೆಯೂ ಸೇರಿ ಜಲಕಳೆ ಹಬ್ಬಿತು. ಬೆಂಗಳೂರಿನ ಸುತ್ತಲಿನ ಅನೇಕ ಊರುಗಳ ಕಥೆಯೂ ಇದೇ.

ಇಂತಹ ಸ್ಥಳದಲ್ಲಿ ಉಳಿದುಕೊಂಡ ಒಂದು ಜೀವಿಯ ನಡವಳಿಕೆಯು ಹಳ್ಳಿಯಲ್ಲಿರುವ ಅದರ ಬಂಧುಗಳ ನಡವಳಿಕೆಗಿಂತ ಬೇರೆಯಾಗಿದೆಯೆಂದು ಭಾವಿಸೋಣ. ಇದಕ್ಕೆ ಮೂರು ಕಾರಣಗಳಿರಬಹುದು. ಒಂದು, ಅದರ ದೇಹವು ಬೆಳೆಯುವ ಕಾಲದಲ್ಲಿಯೇ ಸುತ್ತಲಿನ ಸ್ಥಿತಿಗೆ ತಕ್ಕಂತೆ ರೂಪುಗೊಂಡಿರಬಹುದು. ಎರಡು, ಅದು ಅನುಭವದಿಂದಲೋ ಇತರರನ್ನು ನೋಡಿಯೋ ಹೊಸದನ್ನು ಕಲಿತಿರಬಹುದು. ಮೂರು, ಹಲವು ಪೀಳಿಗೆಗಳ ಆಯ್ಕೆಯಿಂದ ಆ ಸಮುದಾಯದ ಜೀನುಗಳ ಪ್ರಮಾಣವೇ ಬದಲಾಗಿರಬಹುದು. ಈ ಮೂರೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಿ ನೋಡುವುದೂ, ಒಂದು ಮತ್ತೊಂದರ ಮೇಲೆ ಹೇಗೆ ಪ್ರಭಾವ ಬೀರುತ್ತದೆಂಬುದನ್ನು ಅರಿಯುವುದೂ ನಮ್ಮ ಮುಂದಿರುವ ಕೆಲಸ.

೨. ಹಳೆಯ ಚೌಕಟ್ಟು

ಡಾರ್ವಿನ್ನರು ೧೮೫೯ರಲ್ಲಿ ಪ್ರಕೃತಿಯ ಆಯ್ಕೆಯ ತತ್ತ್ವವನ್ನು ವಿಸ್ತಾರವಾಗಿ ಮಂಡಿಸಿದಾಗ ಆನುವಂಶಿಕತೆಯ ನಿಯಮಗಳು ಅವರಿಗೆ ತಿಳಿದಿರಲಿಲ್ಲ. ಮೆಂಡೆಲ್ಲರ ನಿಯಮಗಳನ್ನು ಈ ತತ್ತ್ವದೊಡನೆ ಗಣಿತದ ಮೂಲಕ ಬೆಸೆದವರು ಫಿಶರ್, ಹಾಲ್ಡೇನ್ ಮತ್ತು ರೈಟ್. ಜೂಲಿಯನ್ ಹಕ್ಸ್‌ಲಿಯವರ ೧೯೪೨ರ ಗ್ರಂಥದಿಂದ ಇದಕ್ಕೆ ‘ಆಧುನಿಕ ಸಮನ್ವಯ’ ಎಂಬ ಹೆಸರು ರೂಢಿಗೆ ಬಂದಿತು. ಈ ಸಮನ್ವಯದ ಪ್ರಕಾರ, ಒಂದು ಸಮುದಾಯದಲ್ಲಿ ಜೀನುಗಳ ವಿವಿಧ ರೂಪಗಳ ಪ್ರಮಾಣವು ಪೀಳಿಗೆಯಿಂದ ಪೀಳಿಗೆಗೆ ಬದಲಾಗುವುದೇ ವಿಕಾಸ.

ಈ ಚೌಕಟ್ಟಿಗೂ ನಮ್ಮ ದೇಶಕ್ಕೂ ನೇರವಾದ ಸಂಬಂಧವಿದೆ. ಹಾಲ್ಡೇನರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿದಾಗ, ತಾವು ಸಂಪಾದಿಸುತ್ತಿದ್ದ ‘ಜರ್ನಲ್ ಆಫ್ ಜೆನೆಟಿಕ್ಸ್’ ಪತ್ರಿಕೆಯನ್ನೂ ತಂದರು. ೧೯೧೦ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಪತ್ರಿಕೆಯನ್ನು ೧೯೮೫ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸುತ್ತಿದೆ.

ಸಮನ್ವಯದ ಲೆಕ್ಕಾಚಾರವು ಬಹಳ ಫಲಕಾರಿಯಾಯಿತು. ಆದರೆ ಲೆಕ್ಕವು ಸುಗಮವಾಗಬೇಕಾದರೆ ಕೆಲವು ಸಂಗತಿಗಳನ್ನು ಬದಿಗಿಡಬೇಕಾಯಿತು. ಮೊಟ್ಟೆಯೊಂದು ದೇಹವಾಗುವುದು ಹೇಗೆ? ಆಯ್ಕೆಮಾಡುವ ಪರಿಸರವನ್ನು ರೂಪಿಸುವವರು ಯಾರು? ಕಲಿತದ್ದು ಪೀಳಿಗೆಯಿಂದ ಪೀಳಿಗೆಗೆ ಸಾಗಿದರೆ ಅದರ ಪರಿಣಾಮವೇನು? ಈಚಿನ ದಶಕಗಳಲ್ಲಿ ಮುಂದಕ್ಕೆ ಬಂದಿರುವುವು ಈ ಪ್ರಶ್ನೆಗಳೇ.

೩. ಬೆಳವಣಿಗೆ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮ ಗಾದೆ. ನೂಲು ಒಂದೇ ಆದರೂ ನೇಯ್ಗೆಯಿಂದ ಸೀರೆ ಬೇರೆಯಾಗಬಲ್ಲದೆಂಬುದನ್ನು ಗಾದೆಯು ಹೇಳುವುದಿಲ್ಲ. ಜೀವಶಾಸ್ತ್ರದಲ್ಲಿ ಆ ನೇಯ್ಗೆಯೇ ಬೆಳವಣಿಗೆ. ಜೇನುಗೂಡಿನಲ್ಲಿ ಒಂದೇ ಬಗೆಯ ಮೊಟ್ಟೆಯಿಂದ ಹೊರಟ ಹೆಣ್ಣುಹುಳುವು ತಿಂದ ಆಹಾರಕ್ಕೆ ತಕ್ಕಂತೆ ರಾಣಿಯೋ ಕೆಲಸಗಾರ್ತಿಯೋ ಆಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆಯು ಬೆಂಗಳೂರಿನಲ್ಲಿಯೇ ದೊರೆತಿದೆ. ನಮ್ಮ ಕಟ್ಟಡಗಳ ಮೂಲೆಗಳಲ್ಲಿ ಕಾಗದದಂತಹ ಚಿಕ್ಕ ಗೂಡು ಕಟ್ಟುವ ‘ರೋಪಾಲಿಡಿಯ ಮಾರ್ಜಿನೇಟ’ ಎಂಬ ಕಣಜವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರೂ ಅವರ ಸಹೋದ್ಯೋಗಿಗಳೂ ದಶಕಗಳ ಕಾಲ ಅಭ್ಯಸಿಸಿದ್ದಾರೆ. ಈ ಜಾತಿಯಲ್ಲಿ ರಾಣಿಗೂ ಕೆಲಸಗಾರ್ತಿಗೂ ಆಕಾರದಲ್ಲಿ ಭೇದವಿಲ್ಲ. ಗೂಡಿನಿಂದ ಆಗತಾನೆ ಹೊರಬಂದ ಹೆಣ್ಣುಗಳನ್ನು ಒಂದೊಂದಾಗಿ ಪಂಜರಗಳಲ್ಲಿರಿಸಿ ಬೇಕಾದಷ್ಟು ಆಹಾರವನ್ನು ಒದಗಿಸಿದಾಗ, ಸುಮಾರು ಅರ್ಧದಷ್ಟು ಮಾತ್ರ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಉಳಿದವು ಮೊಟ್ಟೆಯಿಡದೆಯೇ ಸತ್ತವು. ಅಂದರೆ ಪ್ರೌಢಾವಸ್ಥೆಗೆ ಬರುವ ಮೊದಲೇ ಅವುಗಳಲ್ಲಿ ಒಂದು ಒಲವು ನೆಲೆಗೊಂಡಿರುತ್ತದೆ. ಮರಿಹುಳುವಾಗಿದ್ದಾಗ ದೊರೆತ ಪೋಷಣೆಯು ಇದರಲ್ಲಿ ಪಾತ್ರ ವಹಿಸುತ್ತದೆಂದು ಮುಂದಿನ ಪ್ರಯೋಗಗಳು ಸೂಚಿಸಿದವು. ತಾನು ಸಂತಾನವನ್ನು ಪಡೆಯದೆ ಪರರ ಸಂತಾನವನ್ನು ಸಾಕುವ ಸ್ವಭಾವವು ಹೇಗೆ ವಿಕಾಸಗೊಂಡಿತು ಎಂಬ ದೊಡ್ಡ ಸಮಸ್ಯೆಗೆ ಇದು ಹೊಸ ಬೆಳಕನ್ನು ನೀಡುತ್ತದೆ. ಮೊಟ್ಟೆಯಿಡುವ ಸಾಮರ್ಥ್ಯವು ಮೊದಲೇ ಕುಗ್ಗಿದವಳಿಗೆ, ಬಂಧುಗಳ ಗೂಡಿನಲ್ಲಿ ದುಡಿಯುವುದರಿಂದ ಆಗುವ ನಷ್ಟವು ಕಡಿಮೆ. ಬೆಳವಣಿಗೆಯ ಸಂಗತಿಯೊಂದು ಆಯ್ಕೆಯ ಲೆಕ್ಕವನ್ನೇ ಬದಲಿಸುವ ಬಗೆ ಇದು.

ಬೆಳವಣಿಗೆಯಲ್ಲುಂಟಾದ ಬದಲಾವಣೆಯು ಮುಂದೆ ಆನುವಂಶಿಕವಾಗಬಲ್ಲದೇ? ಇಲ್ಲಿ ವಾಡಿಂಗ್ಟನ್ನರ ೧೯೫೩ರ ಪ್ರಯೋಗವನ್ನು ನೆನೆಯಬೇಕು. ಅವರು ಡ್ರಾಸೊಫಿಲ ನೊಣದ ಕೋಶಾವಸ್ಥೆಗೆ ೪೦ ಡಿಗ್ರಿ ಶಾಖವನ್ನು ಕೆಲವು ಗಂಟೆ ತಗುಲಿಸಿದರು. ಕೆಲವು ನೊಣಗಳ ರೆಕ್ಕೆಯಲ್ಲಿ ಒಂದು ಅಡ್ಡನಾಳವು ಕಾಣೆಯಾಯಿತು. ಅಂತಹವನ್ನೇ ಆರಿಸಿ ಪೀಳಿಗೆಯಿಂದ ಪೀಳಿಗೆಗೆ ಸಾಕಿದಾಗ, ಕಡೆಗೆ ಶಾಖವನ್ನು ತಗುಲಿಸದಿದ್ದರೂ ಅಡ್ಡನಾಳವಿಲ್ಲದ ನೊಣಗಳು ಹುಟ್ಟತೊಡಗಿದವು. ಮೇಲುನೋಟಕ್ಕೆ ಇದು ಗಳಿಸಿದ ಗುಣವು ಸಂತತಿಗೆ ಇಳಿಯುತ್ತದೆಂಬ ಲಾಮಾರ್ಕರ ವಾದದಂತೆ ತೋರುತ್ತದೆ. ವಿವರಣೆ ಬೇರೆಯೇ ಆಗಿದೆ. ಆ ನೊಣಗಳಲ್ಲಿ ಅಡಗಿದ್ದ ಆನುವಂಶಿಕ ಭೇದಗಳನ್ನು ಶಾಖವು ಹೊರಗೆಡಹಿತು. ಆಯ್ಕೆಯು ಅವುಗಳನ್ನು ಒಟ್ಟುಗೂಡಿಸಿತು. ಒಳಸಂಬಂಧದಿಂದ ಬೆಳೆಸಿ ಏಕರೂಪವಾದ ತಳಿಗಳಲ್ಲಿ ಈ ಫಲವು ದೊರೆಯದಿರುವುದು ಈ ವಿವರಣೆಗೆ ಬೆಂಬಲ ನೀಡುತ್ತದೆ. ಪರಿಸರವು ಮೊದಲು ರೂಪವನ್ನು ಬದಲಿಸುತ್ತದೆ, ಜೀನುಗಳು ಅದನ್ನು ಹಿಂಬಾಲಿಸುತ್ತವೆ ಎಂಬ ಈಚಿನ ವಾದಕ್ಕೆ ಇದೇ ತಳಹದಿ.

೪. ಪರಿಸರ

ಬೆಂಗಳೂರಿನ ಬಂಡೆಗಳ ಮೇಲೂ ಖಾಲಿ ನಿವೇಶನಗಳ ಕಲ್ಲುರಾಶಿಗಳ ಮೇಲೂ ಒಂದು ಬಗೆಯ ಓತಿಕೇತವು ಬಿಸಿಲು ಕಾಯಿಸುವುದನ್ನು ಓದುಗರು ಕಂಡಿರಬಹುದು. ‘ಸ್ಯಾಮೋಫಿಲಸ್ ಡಾರ್ಸಾಲಿಸ್’ ಎಂದು ಇದರ ಶಾಸ್ತ್ರೀಯ ನಾಮ. ಗಂಡು ತನ್ನ ಎದುರಾಳಿಯನ್ನೋ ಹೆಣ್ಣನ್ನೋ ಕಂಡಾಗ ಮೈಬಣ್ಣವನ್ನು ಬಹುಬೇಗ ಬದಲಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಠಾಕರ್ ಅವರ ಪ್ರಯೋಗಾಲಯವು ನಗರದ ಅಂಚಿನ ಓತಿಗಳನ್ನೂ ಹಳ್ಳಿಗಾಡಿನ ಓತಿಗಳನ್ನೂ ಹೋಲಿಸಿದೆ. ಅಪಾಯವಿಲ್ಲದ ಅಡಗುದಾಣ ಯಾವುದೆಂಬುದನ್ನು ಗುರುತಿಸಲು ಕಲಿಯುವುದರಲ್ಲಿ ನಗರದಂಚಿನ ಓತಿಗಳು ಹೆಚ್ಚು ಚುರುಕಾಗಿದ್ದುವೆಂದು ೧೯೧೯ರ ಶತಮಾನಾನಂತರ, ಅಂದರೆ ೨೦೧೯ರಲ್ಲಿ, ಪ್ರಕಟವಾದ ಲೇಖನವು ತಿಳಿಸುತ್ತದೆ.

ಈ ಭೇದವು ಜೀನುಗಳದೋ, ಬೆಳವಣಿಗೆಯದೋ, ಅನುಭವದ್ದೋ? ಕಾಡಿನಿಂದಲೋ ಬೀದಿಯಿಂದಲೋ ಹಿಡಿದು ತಂದ ಪ್ರಾಣಿಗಳ ಹೋಲಿಕೆಯೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಎರಡೂ ಕಡೆಯ ಮೊಟ್ಟೆಗಳನ್ನು ಒಂದೇ ಸ್ಥಿತಿಯಲ್ಲಿ ಬೆಳೆಸಿ ನೋಡಬೇಕು. ಆದರೂ ಒಂದು ಮಾತು ಸ್ಪಷ್ಟ: ಬೇಗ ಕಲಿಯಬಲ್ಲ ಜೀವಿಯು ನಗರದಲ್ಲಿ ಉಳಿದುಕೊಳ್ಳುತ್ತದೆ, ಉಳಿದುಕೊಂಡದ್ದರಿಂದಲೇ ಅಲ್ಲಿಯ ಆಯ್ಕೆಗೆ ಒಳಗಾಗುತ್ತದೆ. ಕಲಿಕೆಯು ಆಯ್ಕೆಗೆ ಅವಕಾಶವನ್ನು ಒದಗಿಸಿಕೊಡುತ್ತದೆ.

ಇದಲ್ಲದೆ ಪರಿಸರವೆಂಬುದು ಜೀವಿಗಳಿಗೆ ಹೊರಗಿನಿಂದ ಬಂದೊದಗಿದ ಸ್ಥಿರ ವಸ್ತುವಲ್ಲ. ಗೆದ್ದಲು ಹುತ್ತವನ್ನು ಕಟ್ಟುತ್ತದೆ. ಎರೆಹುಳು ಮಣ್ಣನ್ನು ಮಾರ್ಪಡಿಸುತ್ತದೆ. ಮನುಷ್ಯನು ಕೆರೆಯನ್ನು ತೋಡುತ್ತಾನೆ. ಹೀಗೆ ಮಾರ್ಪಟ್ಟ ನೆಲೆಯು ಮುಂದಿನ ಪೀಳಿಗೆಗಳಿಗೆ ಉಳಿದು ಆಯ್ಕೆಯ ದಿಕ್ಕನ್ನು ತಿರುಗಿಸುತ್ತದೆ. ‘ನೆಲೆಯ ನಿರ್ಮಾಣ’ವೆಂಬ ಈ ವಿಚಾರವನ್ನು ಓಡ್ಲಿಂಗ್-ಸ್ಮೀ, ಲೇಲಂಡ್ ಮತ್ತು ಫೆಲ್ಡ್‌ಮನ್ ೨೦೦೩ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು.

ಇದಕ್ಕೆ ನಮ್ಮಲ್ಲಿರುವ ಕಠೋರ ನಿದರ್ಶನವು ‘ಅನಾಫಿಲೀಸ್ ಸ್ಟೀಫೆನ್ಸಿ’ ಎಂಬ ಸೊಳ್ಳೆ. ಇದರ ಮೊಟ್ಟೆಗಳ ಪಕ್ಕದಲ್ಲಿ ತೇಲುವುದಕ್ಕೆ ನೆರವಾಗುವ ಒಂದು ಅಂಗವಿದೆ. ಅದರ ಮೇಲಿನ ಏಣುಗಳ ಸಂಖ್ಯೆಯು ಎಲ್ಲ ಸಮುದಾಯಗಳಲ್ಲಿಯೂ ಒಂದೇ ಅಲ್ಲ. ೧೯೩೭ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಈ ಭೇದವನ್ನು ಗುರುತಿಸಿ, ಮೂಲರೂಪದಿಂದ ಬೇರೆಯಾದ ಬಗೆಗೆ ನಮ್ಮ ಮೈಸೂರಿನ ಹೆಸರಿನಿಂದಲೇ ‘ಮೈಸೂರೆನ್ಸಿಸ್’ ಎಂದು ಕರೆದರು. ಭಾರತದಲ್ಲಿ ಮೂಲರೂಪವು ಹೆಚ್ಚಾಗಿ ನಗರಗಳದು; ಬಾವಿ, ತೊಟ್ಟಿಗಳ ಶುದ್ಧ ನೀರಿನಲ್ಲಿ ಬೆಳೆದು ಮಲೇರಿಯವನ್ನು ಸಮರ್ಥವಾಗಿ ಹರಡುತ್ತದೆ. ಮೈಸೂರೆನ್ಸಿಸ್ ಹೆಚ್ಚಾಗಿ ಹಳ್ಳಿಗಳದು. ರೋಗವನ್ನು ಹರಡುವುದರಲ್ಲಿ ದುರ್ಬಲ. ನಲ್ಲಿಯ ನೀರು ದಿನವೂ ಬಾರದ ಬಡಾವಣೆಯಲ್ಲಿ ಪ್ರತಿ ಮನೆಯೂ ನೀರನ್ನು ಕೂಡಿಡುತ್ತದೆ. ಮುಚ್ಚಳವಿಲ್ಲದ ಪ್ರತಿ ತೊಟ್ಟಿಯೂ ಈ ಸೊಳ್ಳೆಗೆ ಒಂದು ಕೆರೆಯೇ ಆಗುತ್ತದೆ. ನಗರದ ಬಾಳಿಗೆ ಹೀಗೆ ಹೊಂದಿಕೊಂಡ ಈ ಜಾತಿಯು ೨೦೧೨ರಲ್ಲಿ ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ೨೦೧೬ರಲ್ಲಿ ಇಥಿಯೋಪಿಯದಲ್ಲಿಯೂ ದೊರೆಯಿತು. ಮಲೇರಿಯವನ್ನು ಹಳ್ಳಿಯ ರೋಗವೆಂದು ಬಗೆದಿದ್ದ ಆ ಖಂಡದ ನಗರಗಳಿಗೆ ಇದು ಹೊಸ ವಿಪತ್ತು.

೫. ಸಂಸ್ಕೃತಿ

ನೀರನ್ನು ಕೂಡಿಡುವ ಪದ್ಧತಿಯಂತೆಯೇ ಆಹಾರದ ಪದ್ಧತಿಯೂ ಆಯ್ಕೆಯನ್ನು ತಿರುಗಿಸಬಲ್ಲದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವವು ಸಸ್ತನಿಗಳಲ್ಲಿ ಸಾಮಾನ್ಯವಾಗಿ ಮೊಲೆಬಿಟ್ಟ ನಂತರ ಕುಗ್ಗುತ್ತದೆ. ದನಗಳನ್ನು ಸಾಕಿ ಹಾಲನ್ನು ಕುಡಿಯುವ ಪದ್ಧತಿ ಬೆಳೆದ ಜನಾಂಗಗಳಲ್ಲಿ, ಈ ಕಿಣ್ವವನ್ನು ಜೀವಮಾನವೆಲ್ಲ ಉಳಿಸುವ ಜೀನುರೂಪಗಳು ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಹೆಚ್ಚಿದವು. ಭಾರತದಲ್ಲಿ ಕಂಡುಬರುವ ಮುಖ್ಯ ರೂಪವು ಯೂರೋಪಿನದರೊಡನೆ ಒಂದೇ ಮೂಲದ್ದೆಂದೂ, ವಾಯವ್ಯದಲ್ಲಿ ಹೆಚ್ಚಾಗಿದ್ದು ದಕ್ಷಿಣ ಮತ್ತು ಪೂರ್ವಗಳ ಕಡೆಗೆ ಕಡಿಮೆಯಾಗುತ್ತದೆಂದೂ ೨೦೧೨ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಹಾಗಾದರೆ ಈ ಜೀನುರೂಪವು ವಿರಳವಾಗಿರುವ ದಕ್ಷಿಣದಲ್ಲಿ ಹಾಲಿನ ಬಳಕೆ ನಡೆದುಬಂದದ್ದು ಹೇಗೆ? ಒಂದು ಉತ್ತರವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ದೇಹವು ಮಾಡಬೇಕಾದ ಕೆಲಸದಲ್ಲಿ ಸ್ವಲ್ಪವನ್ನು ಮೊಸರಿನ ಗಡಿಗೆಯೇ ಮಾಡಿಕೊಡುತ್ತದೆ. ಆದುದರಿಂದ ಸಂಸ್ಕೃತಿಯು ಆಯ್ಕೆಯನ್ನು ಹುಟ್ಟಿಸಲೂ ಬಲ್ಲದು, ತಗ್ಗಿಸಲೂ ಬಲ್ಲದು. ಹೆಪ್ಪು ಹಾಕುವ ವಿದ್ಯೆಯು ತಾಯಿಯಿಂದ ಮಗಳಿಗೆ ಬರುವುದು ಜೀನುಗಳಿಂದಲ್ಲ. ಬಂದರೂ ಅದರ ಫಲವನ್ನು ಜೀನುಗಳ ಲೆಕ್ಕದಲ್ಲಿ ಕಾಣಬಹುದು.

೬. ಚರ್ಚೆ ಮತ್ತು ನಮ್ಮ ಅಭಿಪ್ರಾಯ

ಈ ಸಂಗತಿಗಳನ್ನೆಲ್ಲ ಒಳಗೊಳ್ಳಲು ಹಳೆಯ ಸಮನ್ವಯವನ್ನು ವಿಸ್ತರಿಸಬೇಕೇ? ೨೦೧೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಲಂಡ್ ಮತ್ತು ಸಂಗಡಿಗರು ಹೌದೆಂದೂ, ರೇ, ಹೋಕ್‌ಸ್ಟ್ರಾ ಮೊದಲಾದವರು ಅಗತ್ಯವಿಲ್ಲವೆಂದೂ ವಾದಿಸಿದರು. ಎರಡನೆಯ ಪಕ್ಷವು ಈ ಸಂಗತಿಗಳನ್ನು ಅಲ್ಲಗಳೆಯಲಿಲ್ಲ. ಇವು ಈಗಾಗಲೇ ಶಾಸ್ತ್ರದೊಳಗಿವೆ ಎಂದಿತು. ಮರುವರ್ಷ ‘ಜರ್ನಲ್ ಆಫ್ ಜೆನೆಟಿಕ್ಸ್’ನಲ್ಲಿ ಪ್ರಸಾದ್, ಡೇ, ಜೋಶಿ ಮತ್ತು ವಿದ್ಯಾ ಅವರು ಬರೆದ ಲೇಖನವು ಮತ್ತೊಂದು ದಾರಿಯನ್ನು ತೋರಿತು. ತಂದೆತಾಯಿಗಳಿಂದ ಸಂತತಿಗೆ ಸಾಗುವ, ಜೀನುಗಳೂ ಸೇರಿದಂತೆ ಎಲ್ಲ ಅಂಶಗಳನ್ನೂ ಒಂದು ಸಮಗ್ರ ಆಸ್ತಿಯೆಂದು ಭಾವಿಸಿ, ಅದು ಬೆಳೆಯುವ ಸಂದರ್ಭವನ್ನು ಬೇರೆಯಾಗಿ ಎಣಿಸಿ ವಿಚಾರಮಾಡಬೇಕೆಂಬುದು ಅವರ ಸಲಹೆ.

ನಮ್ಮ ಅಭಿಪ್ರಾಯದಲ್ಲಿ ಹೆಸರಿನ ವಿವಾದಕ್ಕಿಂತ ಕಾರ್ಯವಿಭಾಗವು ಮುಖ್ಯ. ಆಯ್ಕೆಯ ಮುಂದೆ ಯಾವ ಭೇದಗಳು ಬರುತ್ತವೆಂಬುದನ್ನು ಬೆಳವಣಿಗೆಯು ನಿರ್ಧರಿಸುತ್ತದೆ. ಆಯ್ಕೆ ಯಾವ ದಿಕ್ಕಿಗೆ ನಡೆಯುತ್ತದೆಂಬುದನ್ನು ಪರಿಸರವೂ ಸಂಸ್ಕೃತಿಯೂ ನಿರ್ಧರಿಸುತ್ತವೆ. ಆದರೆ ಆಯ್ಕೆಯಿಂದ ಉಳಿಯುವಂಥದು ಒಂದಲ್ಲ ಒಂದು ಬಗೆಯಲ್ಲಿ ಸಂತತಿಗೆ ಸಾಗಲೇಬೇಕು, ಅದಿಲ್ಲದೆ ವಿಕಾಸವಿಲ್ಲ.

ಇದು ಕೇವಲ ಪಾಠದ ವಿಷಯವಲ್ಲ. ಒಂದು ಕೇರಿಯ ಮಕ್ಕಳು ಕುಳ್ಳಾಗಿದ್ದರೆ, ಅವರ ವಂಶವೇ ಹಾಗೆಂದು ನುಡಿಯುವವರು ಇಂದಿಗೂ ಇದ್ದಾರೆ. ಒಂದೇ ಸ್ಥಿತಿಯಲ್ಲಿ ಬೆಳೆಸಿ ನೋಡದೆ ಭೇದವನ್ನು ರಕ್ತಕ್ಕೆ ಆರೋಪಿಸುವುದು ವಿಜ್ಞಾನವಲ್ಲ. ಪರಿಸರವೇ ಎಲ್ಲವೆಂದು ಹೇಳಿ, ಔಷಧಗಳಿಗೆ ಬಗ್ಗದಂತೆ ವಿಕಾಸಗೊಳ್ಳುತ್ತಿರುವ ಸೊಳ್ಳೆಯನ್ನೂ ಬ್ಯಾಕ್ಟೀರಿಯವನ್ನೂ ಮರೆಯುವುದು ಅಷ್ಟೇ ಅಪಾಯಕರ.

೭. ಕಾಲೇಜುಗಳಲ್ಲಿ ಮಾಡಬಹುದಾದ ಕೆಲಸ

ಈ ವಿವೇಚನೆಯನ್ನು ವಿದ್ಯಾರ್ಥಿಗಳು ಕೈಯಾರೆ ಕಲಿಯಬಹುದು. ಮೈಸೂರು ವಿಶ್ವವಿದ್ಯಾನಿಲಯದ ಡ್ರಾಸೊಫಿಲ ಸಂಗ್ರಹಕೇಂದ್ರದಿಂದಾಗಿ ಈ ನೊಣದ ಅಭ್ಯಾಸಕ್ಕೆ ನಮ್ಮಲ್ಲಿ ಗಟ್ಟಿಯಾದ ಪರಂಪರೆಯಿದೆ. ಕಗ್ಗದಾಸಪುರದಂತಹ ಬಡಾವಣೆಯ ಹಣ್ಣಿನ ಅಂಗಡಿಗಳ ಬಳಿಯಿಂದಲೂ ದೂರದ ಹಳ್ಳಿಯ ತೋಟದಿಂದಲೂ ಒಂದೇ ಜಾತಿಯ ನೊಣಗಳನ್ನು ತರಬೇಕು. ಎರಡನ್ನೂ ಒಂದೇ ಆಹಾರ, ಒಂದೇ ಉಷ್ಣತೆಯಲ್ಲಿ ಕನಿಷ್ಠಪಕ್ಷ ಎರಡು ಪೀಳಿಗೆ ಸಾಕಬೇಕು. ತಾಯಿಯ ದೇಹಸ್ಥಿತಿಯ ಪ್ರಭಾವವು ಮೊಟ್ಟೆಯ ಮೂಲಕ ಮಕ್ಕಳಿಗೆ ಬರುವುದರಿಂದ ಒಂದು ಪೀಳಿಗೆ ಸಾಲದು. ಅನಂತರ ಎರಡರ ಶಾಖಸಹಿಷ್ಣುತೆಯನ್ನು ಅಳೆಯಬೇಕು. ಭೇದವು ಉಳಿದರೆ ಅದು ಆನುವಂಶಿಕವೆನ್ನಲು ಆಧಾರ ದೊರೆಯುತ್ತದೆ. ಅಳಿದರೆ ಅದು ಬೆಳೆದ ಸ್ಥಳದ ಗುರುತಾಗಿತ್ತೆಂದು ತಿಳಿಯಬಹುದು. ಫಲವು ಯಾವುದೇ ಆಗಲಿ, ಬದಲಾವಣೆಯನ್ನು ಕಂಡೊಡನೆ ಅದರ ಕಾರಣವನ್ನು ಊಹಿಸಿಬಿಡದೆ ಪರೀಕ್ಷಿಸಿ ನೋಡುವ ಅಭ್ಯಾಸವು ವಿದ್ಯಾರ್ಥಿಗೆ ಲಭಿಸುತ್ತದೆ.