ಮೈಸೂರಿನ ಕೋವಿ ಮತ್ತು ಬಾಣಗಳ ನಿರ್ಮಾತೃಗಳು

ಬೆಂಗಳೂರಿನ ಪೂರ್ವಕ್ಕಿರುವ ಕೃಷ್ಣರಾಜಪುರವು ಹೊಸಕೋಟೆ, ಕೋಲಾರಗಳಿಗೆ ಹೋಗುವ ಹಳೆಯ ದಾರಿಯಲ್ಲಿರುವುದು. ಕ್ರಿ. ಶ. ೧೭೯೧ನೆಯ ಮಾರ್ಚಿ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳನ್ನು ಹಿಡಿದು ಈ ದಿಕ್ಕಿನಿಂದಲೇ ಬೆಂಗಳೂರಿನ ಮೇಲೆ ಬಂದಿತು. ಆ ತಿಂಗಳ ೨೧ರ ರಾತ್ರಿ ಕೋಟೆಯು ಶತ್ರುವಶವಾಯಿತು. ಈ ಯುದ್ಧಗಳಲ್ಲಿ ಆಂಗ್ಲರನ್ನು ಎದುರಿಸಿದ ಕೋವಿಗಳನ್ನೂ ಬಾಣಗಳನ್ನೂ ಮಾಡಿದವರು ಯಾರು, ಅವರ ಕೌಶಲದ ಮೇಲಣ ಹಕ್ಕು ಯಾರದಾಗಿದ್ದಿತು ಎಂಬುದು ವಿಚಾರಾರ್ಹವಾದ ವಿಷಯವು.

ಮೊದಲು ಕೋವಿಗಳನ್ನು ನೋಡಬಹುದು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣವೇ ಮೊದಲಾದ ಸ್ಥಳಗಳಲ್ಲಿ ಆಯುಧಗಳ ಕಾರ್ಖಾನೆಗಳನ್ನು ನಡೆಸುತ್ತಿದ್ದನು. ೧೭೮೮ರಲ್ಲಿ ಫ್ರಾನ್ಸಿನ ದೊರೆಯ ಆಸ್ಥಾನಕ್ಕೆ ಹೋಗಿದ್ದ ಅವನ ರಾಯಭಾರಿಗಳು ಅಲ್ಲಿಂದ ಕುಶಲ ಕೆಲಸಗಾರರನ್ನು ಕರೆತಂದರು. ಪಟ್ಟಣದಲ್ಲಿ ತಯಾರಾದ ಉತ್ತಮ ಚಕಮಕಿ ಕೋವಿಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆ, ಹೈದರನ ಹೆಸರನ್ನು ಸೂಚಿಸುವ ಮುದ್ರೆ, ಮೌಲೂದಿ ಶಕೆಯ ವರ್ಷ, ಇವುಗಳೊಡನೆ ಮಾಡಿದವನ ಹೆಸರೂ ಪಾರಸಿ ಲಿಪಿಯಲ್ಲಿ ಕೊರೆಯಲ್ಪಟ್ಟಿರುವುದು. ಸೈಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್ ಎಂಬ ಇಬ್ಬರ ಹೆಸರುಗಳು ಹೀಗೆಯೇ ಉಳಿದುಬಂದಿವೆ. ಕಾರ್ಖಾನೆಯು ಸರ್ಕಾರದ್ದು, ಬೇಡಿಕೆಯೂ ಸರ್ಕಾರದ್ದು. ಆದುದರಿಂದ ಕೊರೆದ ಹೆಸರು ಕೆಲಸದ ಹೊಣೆಯನ್ನೂ ಗೌರವವನ್ನೂ ಸೂಚಿಸಿತೇ ಹೊರತು ಪೇಟೆಂಟಿನಂತಹ ಸ್ವಾಮ್ಯವನ್ನಲ್ಲ.

ಬಾಣಗಳ ಸ್ಥಿತಿಯು ಬೇರೆ. ಯೂರೋಪಿನವರು ತಮ್ಮ ಬಾಣಗಳಿಗೆ ಕಾಗದದ ಕೊಳವೆಗಳನ್ನು ಬಳಸುತ್ತಿದ್ದ ಕಾಲದಲ್ಲಿ ಮೈಸೂರಿನ ಕಮ್ಮಾರರು ಮೆದು ಕಬ್ಬಿಣದ ತಗಡನ್ನು ಸುತ್ತಿ ಕೊಳವೆ ಮಾಡಿದರು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಮದ್ದನ್ನು ಬಿಗಿಯಾಗಿ ಜಡಿಯಲು ಸಾಧ್ಯವಾಯಿತು. ವೇಗವೂ ದೂರವೂ ಹೆಚ್ಚಿದುವು. ಕೊಳವೆಯನ್ನು ಬಿದಿರಿನ ಗಳುವಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುತ್ತಿದ್ದರು. ಬೆಂಗಳೂರು ಪೇಟೆಯ ತಾರಾಮಂಡಲಪೇಟೆಯ ಹೆಸರು ಈ ಕಸುಬಿನದೆಂದು ಹೇಳುವರು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಮಿಕ್ಕ ಇಂತಹ ಕೊಳವೆಗಳು ದೊರೆತವು. ಆದರೆ ಈ ರಚನೆಯನ್ನು ಮೊದಲು ಕಲ್ಪಿಸಿದ ಕಮ್ಮಾರನು ಇಂತಹವನೆಂದು ಯಾವ ಹೆಸರೂ ಉಳಿದಿಲ್ಲ.

೧೭೯೯ರ ಮೇ ೪ರಂದು ಪಟ್ಟಣವು ಬಿದ್ದ ಬಳಿಕ ಮೈಸೂರಿನ ಬಾಣಗಳು ಇಂಗ್ಲೆಂಡಿನ ವುಲಿಚ್ ಆಯುಧಾಗಾರವನ್ನು ಸೇರಿದುವು. ಅಲ್ಲಿನ ಪ್ರಯೋಗಶಾಲೆಯ ಮುಖ್ಯಾಧಿಕಾರಿಯ ಮಗನಾದ ವಿಲಿಯಮ್ ಕಾಂಗ್ರೀವನು ಬಾಣಗಳನ್ನು ಪರಿಷ್ಕರಿಸಿದನು. ೧೮೦೬ರಲ್ಲಿ ಬೂಲೋನ್, ೧೮೦೭ರಲ್ಲಿ ಕೋಪನ್‌ಹೇಗನ್ ನಗರಗಳ ಮೇಲೆ ಅವು ಪ್ರಯೋಗಿಸಲ್ಪಟ್ಟುವು. ಲೋಕವು ಅವನ್ನು ಕಾಂಗ್ರೀವನ ಬಾಣಗಳೆಂದೇ ಕರೆಯಿತು.

ಅದೇ ೧೮೦೭ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಗ್ಸಾಂಡರ್ ಫಾರ್ಸೈತನು, ಪೆಟ್ಟಿನಿಂದ ಉರಿಯುವ ಮದ್ದಿನ ಮೂಲಕ ಕೋವಿ ಹಾರಿಸುವ ಉಪಾಯಕ್ಕೆ ಪೇಟೆಂಟು ಪಡೆದು, ಜೋಸೆಫ್ ಮ್ಯಾಂಟನನಂತಹ ಪ್ರಸಿದ್ಧ ಕೋವಿ ತಯಾರಕನ ವಿರುದ್ಧವೂ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಕಾಪಾಡಿಕೊಂಡನು. ೧೮೪೪ರಲ್ಲಿ ವಿಲಿಯಮ್ ಹೇಲನು ಕೋಲಿಲ್ಲದೆ ತಿರುಗುತ್ತ ಹಾರುವ ಬಾಣಕ್ಕೆ ಪೇಟೆಂಟು ಪಡೆದನು. ಮೆಕ್ಸಿಕೋ ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರವು ಅದನ್ನು ತಯಾರಿಸುವ ಹಕ್ಕಿಗೆ ಹಣ ತೆತ್ತಿತು. ಭಾರತದಲ್ಲಿಯಾದರೋ ಪೇಟೆಂಟಿನ ಮೊದಲ ಶಾಸನವು ಹುಟ್ಟಿದುದು ೧೮೫೬ರಲ್ಲಿ, ಎಂದರೆ ಪಟ್ಟಣವು ಬಿದ್ದ ೫೭ ವರ್ಷಗಳ ಮೇಲೆ.

ಇವುಗಳನ್ನು ಕೂಡಿಸಿ ನೋಡಿದರೆ, ಮೈಸೂರಿನ ಕಮ್ಮಾರನಿಗೆ ಕೊರತೆಯಾದುದು ಕೌಶಲವಲ್ಲ, ಅದನ್ನು ಅವನದೆಂದು ಬರೆದಿಡುವ ವ್ಯವಸ್ಥೆ ಎಂದು ತಿಳಿಯುವುದು. ಕೋವಿಯ ಮೇಲೆ ಹೆಸರನ್ನು ಕೊರೆದುದರಿಂದ ಅಸದ್ ಖಾನನು ಇಂದಿಗೂ ಗುರುತಿಸಲ್ಪಡುವನು. ಬಾಣದ ಕೊಳವೆಯನ್ನು ಸುತ್ತಿದವನ ಸಾಕ್ಷಿಯಾಗಿ ಉಳಿದಿರುವುದು ತುಕ್ಕು ಹಿಡಿದ ಕಬ್ಬಿಣವೊಂದೇ.