ನಡುಪಟ್ಟಿಯ ಭಾರ: ಮುಂಬಯಿ ಪೊಲೀಸರ ಬೆನ್ನು ಮತ್ತು ಸೊಂಟದ ನೋವು

ಖಾಕಿ ಸಮವಸ್ತ್ರಕ್ಕೆ ಪೂರ್ಣತೆಯನ್ನು ತಂದುಕೊಡುವುದು ನಡುಪಟ್ಟಿ. ಅದಿಲ್ಲದೆ ಪೊಲೀಸ್ ಸಿಬ್ಬಂದಿಯು ಕರ್ತವ್ಯಕ್ಕೆ ಹಾಜರಾಗುವಂತಿಲ್ಲ. ಶಿಸ್ತಿನ ಗುರುತಾಗಿರುವ ಈ ಪಟ್ಟಿಯೇ ವರ್ಷಗಳು ಕಳೆದಂತೆ ಅನೇಕರ ಬೆನ್ನು ಮತ್ತು ಸೊಂಟದ ನೋವಿಗೆ ಕಾರಣಗಳಲ್ಲೊಂದಾಗುತ್ತದೆ ಎಂಬ ಸಂಗತಿಯು ಸಾರ್ವಜನಿಕರ ಗಮನಕ್ಕೆ ಬರುವುದು ಅಪರೂಪ. ನೋವನ್ನು ಅನುಭವಿಸುವವರೂ ಅದನ್ನು ವೃತ್ತಿಯ ಸಹಜ ಫಲವೆಂದು ಭಾವಿಸಿ ಮೌನವಾಗಿ ಸಹಿಸಿಕೊಳ್ಳುವುದೇ ಹೆಚ್ಚು. ಈ ನೋವು ಹೇಗೆ ಉಂಟಾಗುತ್ತದೆ, ಅದನ್ನು ಹೇಗೆ ತಡೆಯಬಹುದು ಎಂಬುದನ್ನು ಅರಿತುಕೊಳ್ಳುವುದು ಸಿಬ್ಬಂದಿಗೂ ಅವರ ಕುಟುಂಬದವರಿಗೂ ಮೇಲಧಿಕಾರಿಗಳಿಗೂ ಸಮಾನವಾಗಿ ಅಗತ್ಯ.

ಸಮಸ್ಯೆಯ ವ್ಯಾಪ್ತಿ

ನಡುನೋವು ಪೊಲೀಸರಿಗಷ್ಟೇ ಸೀಮಿತವಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಇದರಿಂದ ಬಳಲುತ್ತಿದ್ದರು. ಮನುಷ್ಯರನ್ನು ಕೆಲಸಕ್ಕೆ ಅಶಕ್ತರನ್ನಾಗಿಸುವ ಕಾರಣಗಳಲ್ಲಿ ಇದೇ ಮೊದಲನೆಯದು. ಆದರೆ ಕೆಲವು ವೃತ್ತಿಗಳಲ್ಲಿ ನೋವಿಗೆ ಎಡೆಮಾಡಿಕೊಡುವ ಅಂಶಗಳು ಒಂದರ ಮೇಲೊಂದು ಬಂದು ಸೇರುತ್ತವೆ. ಪೊಲೀಸ್ ವೃತ್ತಿಯು ಅಂಥವುಗಳಲ್ಲಿ ಒಂದು.

ಅಮೆರಿಕದಂತಹ ದೇಶಗಳಲ್ಲಿ ಗಸ್ತು ಪೊಲೀಸರ ನಡುಪಟ್ಟಿಗೆ ಪಿಸ್ತೂಲು, ಗುಂಡುಗಳ ಚೀಲ, ಕೈಕೋಳ, ಟಾರ್ಚು, ವಾಕಿಟಾಕಿ ಮುಂತಾದವೆಲ್ಲ ತೂಗಿರುತ್ತವೆ. ಇವುಗಳ ಒಟ್ಟು ತೂಕವು ಹಲವೆಡೆ 7 ಕಿಲೋಗ್ರಾಮನ್ನು ಮೀರುತ್ತದೆ. ಮುಂಬಯಿಯ ಸಾಮಾನ್ಯ ಕಾನ್‌ಸ್ಟೆಬಲ್‌ನ ಪಟ್ಟಿಯ ಮೇಲೆ ಇಷ್ಟು ಭಾರವಿರುವುದಿಲ್ಲ. ದಪ್ಪ ಪಟ್ಟಿ, ಲೋಹದ ಬಿಲ್ಲೆ, ವಾಕಿಟಾಕಿ, ಕೆಲವರಲ್ಲಿ ಸುಮಾರು 1 ಕಿಲೋಗ್ರಾಮ್ ತೂಗುವ 9 ಮಿಲಿಮೀಟರ್ ಪಿಸ್ತೂಲು, ಇಷ್ಟೇ ಇರುತ್ತದೆ. ಶಸ್ತ್ರಸಜ್ಜಿತ ಕರ್ತವ್ಯದಲ್ಲಿರುವವರ ಹೆಗಲ ಮೇಲೆ ಸುಮಾರು 4 ಕಿಲೋಗ್ರಾಮ್ ತೂಕದ ಬಂದೂಕು ಇರುತ್ತದೆ. ಕೆಲವು ಕರ್ತವ್ಯಗಳಲ್ಲಿ ಗುಂಡುನಿರೋಧಕ ಕವಚದ ಭಾರವೂ ಸೇರುತ್ತದೆ. ಹಾಗಾಗಿ ಇಲ್ಲಿಯ ಸಮಸ್ಯೆಯನ್ನು ತಕ್ಕಡಿಯಲ್ಲಿ ತೂಗಿ ಅಳೆಯಲಾಗದು. ಭಾರವೆಷ್ಟು ಎಂಬುದರ ಜೊತೆಗೆ ಅದನ್ನು ಎಷ್ಟು ಹೊತ್ತು, ಯಾವ ಭಂಗಿಯಲ್ಲಿ, ದೇಹದ ಯಾವ ಭಾಗದಲ್ಲಿ ಹೊರಲಾಗುತ್ತದೆ ಎಂಬುದೂ ಮುಖ್ಯವಾಗುತ್ತದೆ.

ದೇಹದೊಳಗೆ ನಡೆಯುವುದೇನು?

ಬೆನ್ನುಮೂಳೆಯ ಕೆಳಭಾಗದಲ್ಲಿ, ಸೊಂಟದ ಮಟ್ಟದಲ್ಲಿ ಐದು ದೊಡ್ಡ ಕಶೇರುಗಳಿವೆ. ಇವುಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳಿದ್ದು, ದೇಹದ ಮೇಲ್ಭಾಗದ ಭಾರವನ್ನು ಅವು ತಾಳಿಕೊಳ್ಳುತ್ತವೆ. ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳು ಎರಡೂ ಕಡೆಯಿಂದ ಬಿಗಿದು ನಿಲ್ಲಿಸಿದ ಹಗ್ಗಗಳಂತೆ ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿದಿಡುತ್ತವೆ.

ನಡುಪಟ್ಟಿಯ ಒಂದು ಪಕ್ಕದಲ್ಲಿ ಭಾರ ಹೆಚ್ಚಾದಾಗ ದೇಹವು ಅತ್ತ ವಾಲದಂತೆ ತಡೆಯಲು ಇನ್ನೊಂದು ಪಕ್ಕದ ಸ್ನಾಯುಗಳು ಸತತವಾಗಿ ಬಿಗಿದುಕೊಂಡಿರಬೇಕಾಗುತ್ತದೆ. ಕೆಲವು ನಿಮಿಷಗಳಲ್ಲಿ ಇದು ತಿಳಿಯುವುದೇ ಇಲ್ಲ. ಹನ್ನೆರಡು ಗಂಟೆಗಳ ಕೊನೆಯಲ್ಲಿ ಅದೇ ಸ್ನಾಯುಗಳು ದಣಿದು ಗಂಟುಕಟ್ಟಿದಂತಾಗಿ ನೋಯತೊಡಗುತ್ತವೆ. ಬಂದೂಕನ್ನು ಸದಾ ಒಂದೇ ಹೆಗಲಿಗೆ ತೂಗುಹಾಕುವುದರಿಂದ ಈ ಅಸಮತೋಲನವು ಇನ್ನಷ್ಟು ಹೆಚ್ಚುತ್ತದೆ.

ಕುಳಿತಾಗ ಬೇರೊಂದು ತೊಂದರೆ ಎದುರಾಗುತ್ತದೆ. ವಾಹನದ ಆಸನದಲ್ಲಿ ಕುಳಿತವರ ಬೆನ್ನ ಹಿಂದೆ ಪಟ್ಟಿಗೆ ಕಟ್ಟಿದ ವಸ್ತುವಿದ್ದರೆ ಸೊಂಟದ ಭಾಗವು ಆಸನಕ್ಕೆ ಒರಗುವುದಿಲ್ಲ. ಆಗ ಬೆನ್ನು ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಕಶೇರುಗಳ ನಡುವಣ ಬಿಲ್ಲೆಯೊಳಗಿನ ಒತ್ತಡವನ್ನು ನೇರವಾಗಿ ಅಳೆದರು. ಮಲಗಿದಾಗ ಈ ಒತ್ತಡವು ಅತಿ ಕಡಿಮೆಯಿದ್ದು, ಮುಂದಕ್ಕೆ ಬಾಗಿ ಕುಳಿತಾಗ ಬಹಳಷ್ಟು ಹೆಚ್ಚುವುದೆಂದು ಅವರು ತೋರಿಸಿಕೊಟ್ಟರು. ಹಿಂಬದಿಯ ಜೇಬಿನಲ್ಲಿ ದಪ್ಪ ಪಾಕೀಟನ್ನಿಟ್ಟು ಕುಳಿತರೆ ಸೊಂಟವು ಒಂದು ಕಡೆಗೆ ಓರೆಯಾಗಿ, ಕಾಲಿಗಿಳಿಯುವ ನರದ ಮೇಲೂ ಒತ್ತಡ ಬೀಳಬಹುದು.

ಮೂರನೆಯದು ಸೊಂಟದ ಮುಂಭಾಗದ ನರಕ್ಕೆ ಸಂಬಂಧಿಸಿದುದು. ಸೊಂಟದ ಮೂಳೆಯ ಮುಂತುದಿಯ ಬಳಿಯಿಂದ ತೊಡೆಯ ಹೊರಮೈಗೆ ಸ್ಪರ್ಶಜ್ಞಾನವನ್ನು ಒದಗಿಸುವ ನರವೊಂದು ಹಾದುಹೋಗುತ್ತದೆ. ಬಿಗಿಯಾದ ಪಟ್ಟಿಯು ಈ ನರವನ್ನು ಒತ್ತಿದಾಗ ತೊಡೆಯ ಹೊರಭಾಗದಲ್ಲಿ ಜುಮುಜುಮು, ಉರಿ ಅಥವಾ ಮರಗಟ್ಟಿದ ಅನುಭವ ಉಂಟಾಗುತ್ತದೆ. 1878ರಲ್ಲಿ ಬರ್ನ್‌ಹಾರ್ಟ್ ಎಂಬ ಜರ್ಮನ್ ವೈದ್ಯನು ಇದನ್ನು ವರ್ಣಿಸಿದನು. 1895ರಲ್ಲಿ ರಷ್ಯದ ರಾಥ್ ಎಂಬ ವೈದ್ಯನು ಇದಕ್ಕೆ ‘ಮೆರಾಲ್ಜಿಯ ಪ್ಯಾರೆಸ್ತೆಟಿಕ’ ಎಂಬ ಹೆಸರನ್ನಿತ್ತನು. ಹೊಟ್ಟೆಯ ಬೊಜ್ಜು ಹೆಚ್ಚಿದವರಲ್ಲಿ ಪಟ್ಟಿಯು ಕೆಳಗೆ ಜಾರಿ ಇದೇ ನರದ ಮೇಲೆ ಕೂರುವ ಸಾಧ್ಯತೆ ಅಧಿಕ. ತೊಡೆಯಲ್ಲಿ ಉರಿಯಿದ್ದಾಗ ಅದರ ಮೂಲ ಪಟ್ಟಿಯಲ್ಲಿರಬಹುದೆಂದು ಅನೇಕರಿಗೆ ಹೊಳೆಯುವುದೇ ಇಲ್ಲ.

ಮುಂಬಯಿಯ ವಿಶೇಷ ಪರಿಸ್ಥಿತಿ

ಮಹಾನಗರದ ಬದುಕು ಈ ಕಾರಣಗಳನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ಗಣೇಶ ವಿಸರ್ಜನೆಯ ದಿನ ಲಾಲ್‌ಬಾಗ್‌ನಿಂದ ಗಿರ್ಗಾಂವ್ ಚೌಪಾಟಿಯವರೆಗೆ, ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಯ ಸುತ್ತ, ಚುನಾವಣೆ ಮತ್ತು ಪಂದ್ಯಾವಳಿಗಳ ಕಾಲದಲ್ಲಿ ನಗರದ ಉದ್ದಗಲಕ್ಕೂ ಪೊಲೀಸರು ಗಂಟೆಗಟ್ಟಲೆ ನಿಂತೇ ಬಂದೋಬಸ್ತು ಮಾಡಬೇಕಾಗುತ್ತದೆ. ಗಟ್ಟಿ ರಸ್ತೆಯ ಮೇಲೆ ಕದಲದೆ ನಿಲ್ಲುವುದು ನಡೆಯುವುದಕ್ಕಿಂತ ಬೆನ್ನಿಗೆ ಹೆಚ್ಚು ಆಯಾಸಕರ. ಕಡಲತೀರದ ತೇವಭರಿತ ಸೆಕೆಯಲ್ಲಿ ಬೆವರು ಪಟ್ಟಿಯಡಿಯಲ್ಲಿ ನಿಂತು ಚರ್ಮವನ್ನು ಉಜ್ಜಿ ಹುಣ್ಣಾಗಿಸುತ್ತದೆ. ಮಳೆಗಾಲದಲ್ಲಿ ನೆನೆದು ಒಣಗಿದ ಚರ್ಮದ ಪಟ್ಟಿಯು ಗಡುಸಾಗುತ್ತದೆ.

ಕರ್ತವ್ಯ ಮುಗಿದೊಡನೆ ವಿಶ್ರಾಂತಿ ಲಭಿಸುವುದೂ ಇಲ್ಲ. ನಗರದೊಳಗೆ ಸರ್ಕಾರಿ ವಸತಿ ದೊರೆಯದವರಲ್ಲಿ ಅನೇಕರು ಕಲ್ಯಾಣ, ಡೊಂಬಿವಲಿ, ವಿರಾರ್, ಪನ್ವೇಲ್‌ಗಳಂತಹ ದೂರದ ಊರುಗಳಿಂದ ಲೋಕಲ್ ರೈಲಿನಲ್ಲಿ ಬಂದುಹೋಗುತ್ತಾರೆ. ಜನದಟ್ಟಣೆಯ ಡಬ್ಬಿಯಲ್ಲಿ ನಿಂತು ಪ್ರಯಾಣಿಸುವ ಅವಧಿಯನ್ನೂ ಬೆನ್ನಿನ ದುಡಿಮೆಯ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ.

ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವು ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜಿನ ಮೂಲಕ ನಡೆಸಿ 2014ರಲ್ಲಿ ಹೊರತಂದ ಅಧ್ಯಯನದಂತೆ, ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಸುಮಾರು ಶೇಕಡ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದರು. ಮುಂಬಯಿಯಲ್ಲಿ 12 ಗಂಟೆಗಳ ಪಾಳಿಯು ಬಹುಕಾಲದ ರೂಢಿಯಾಗಿತ್ತು. 2016ರಲ್ಲಿ, ದತ್ತಾ ಪಡಸಲಗೀಕರ್ ಅವರು ಪೊಲೀಸ್ ಆಯುಕ್ತರಾಗಿದ್ದಾಗ, ಕಾನ್‌ಸ್ಟೆಬಲ್ ಒಬ್ಬರು ಮುಂದಿಟ್ಟ ಯೋಜನೆಯ ಆಧಾರದ ಮೇಲೆ ದೇವನಾರ್ ಠಾಣೆಯಲ್ಲಿ 8 ಗಂಟೆಗಳ ಪಾಳಿಯನ್ನು ಪ್ರಾಯೋಗಿಕವಾಗಿ ಜಾರಿಗೆ ತರಲಾಯಿತು. 2018ರ ಆರಂಭದ ವೇಳೆಗೆ ಇದನ್ನು ನಗರದ ಇತರ ಠಾಣೆಗಳಿಗೂ ವಿಸ್ತರಿಸಲಾಯಿತು. 2022ರಲ್ಲಿ ಮಹಿಳಾ ಸಿಬ್ಬಂದಿಗೆ 8 ಗಂಟೆಗಳ ಕರ್ತವ್ಯವನ್ನು ಗೊತ್ತುಪಡಿಸುವ ಆದೇಶವೂ ಬಂದಿತು.

ಬೆನ್ನಿನ ಆರೋಗ್ಯದ ದೃಷ್ಟಿಯಿಂದ ಇದರ ಮಹತ್ವವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ವಾರಕ್ಕೆ 6 ದಿನಗಳಂತೆ ವರ್ಷಕ್ಕೆ 48 ವಾರಗಳ ಕರ್ತವ್ಯವೆಂದು ಇಟ್ಟುಕೊಂಡರೆ, 12 ಗಂಟೆಗಳ ಪಾಳಿಯಲ್ಲಿ ಪಟ್ಟಿಯು 3,456 ಗಂಟೆಗಳ ಕಾಲ ಸೊಂಟದ ಮೇಲಿರುತ್ತದೆ. 8 ಗಂಟೆಗಳ ಪಾಳಿಯಲ್ಲಿ ಇದು 2,304 ಗಂಟೆಗಳಿಗೆ ಇಳಿಯುತ್ತದೆ. ವರ್ಷಕ್ಕೆ 1,152 ಗಂಟೆಗಳ ಈ ವ್ಯತ್ಯಾಸವು ಮೂವತ್ತು ವರ್ಷಗಳ ಸೇವೆಯಲ್ಲಿ 34,560 ಗಂಟೆಗಳಾಗುತ್ತದೆ. ಯಾವ ಔಷಧವೂ ಬೆನ್ನಿಗೆ ಇಷ್ಟು ವಿಶ್ರಾಂತಿಯನ್ನು ಕೊಡಲಾರದು.

ಪಟ್ಟಿಯ ವಿನ್ಯಾಸ

ಭಾರವನ್ನು ಸೊಂಟದಿಂದ ಹೆಗಲಿಗೆ ಹಂಚುವ ಉಪಾಯವು ಹೊಸದೇನಲ್ಲ. ಭಾರತದಲ್ಲಿ ಸೇವೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಸ್ಯಾಮ್ ಬ್ರೌನ್ 1858ರ ಕಾಳಗವೊಂದರಲ್ಲಿ ಎಡಗೈಯನ್ನು ಕಳೆದುಕೊಂಡನು. ಒಂದೇ ಕೈಯಿಂದ ಖಡ್ಗವನ್ನು ಹಿರಿಯಲು ಅನುಕೂಲವಾಗುವಂತೆ ಅವನು ನಡುಪಟ್ಟಿಗೆ ಹೆಗಲಪಟ್ಟಿಯೊಂದನ್ನು ಜೋಡಿಸಿಕೊಂಡನು. ಪೊಲೀಸ್ ಅಧಿಕಾರಿಗಳು ಧರಿಸುವ ಅಡ್ಡಪಟ್ಟಿಯು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಮೆರಿಕದ ಓ ಕ್ಲೇರ್ ನಗರದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದ ಸಣ್ಣ ಅಧ್ಯಯನವೊಂದರಲ್ಲಿ, ಉಪಕರಣಗಳನ್ನು ನಡುಪಟ್ಟಿಯಿಂದ ತೆಗೆದು ಮೇಲಂಗಿಯಂತಹ ಕವಚದಲ್ಲಿಟ್ಟುಕೊಂಡ ಪೊಲೀಸರಲ್ಲಿ ಸೊಂಟ ಮತ್ತು ನಡುವಿನ ನೋವು ಕಡಿಮೆಯಾದುದು ಕಂಡುಬಂದಿದೆ. ಆದರೆ ಮುಂಬಯಿಯ ಸೆಕೆಯಲ್ಲಿ ಎದೆಯನ್ನು ಮುಚ್ಚುವ ದಪ್ಪ ಕವಚವು ಬೇರೆ ತೊಂದರೆಗಳನ್ನು ತರಬಲ್ಲದು. ಹಾಗಾಗಿ ಇಲ್ಲಿಯ ಹವೆಗೆ ಒಗ್ಗುವ ಹಗುರವಾದ, ಗಾಳಿಯಾಡುವ ವಿನ್ಯಾಸವೇ ಸೂಕ್ತ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ನೆರವಿನಿಂದ ಸಮವಸ್ತ್ರದ ಸುಧಾರಣೆಯನ್ನು ಕೈಗೆತ್ತಿಕೊಂಡಾಗ, ದಪ್ಪ ಪಟ್ಟಿಯು ಬಾಗುವುದಕ್ಕೆ ಅಡ್ಡಿಯಾಗುತ್ತದೆ ಎಂಬ ಅಂಶವೂ ಗಮನಕ್ಕೆ ಬಂದಿತ್ತು.

ಪಾಲಿಸಬೇಕಾದ ಕ್ರಮಗಳು

ಪಟ್ಟಿಯನ್ನು ಸೊಂಟದ ಮೂಳೆಗಳ ಮೇಲೆ ಸಮನಾಗಿ ಕೂರುವಂತೆ ಧರಿಸಬೇಕು. ಪಟ್ಟಿ ಮತ್ತು ದೇಹದ ನಡುವೆ ಎರಡು ಬೆರಳುಗಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು. ತೂಕದ ವಸ್ತುಗಳನ್ನು ಎರಡೂ ಪಕ್ಕಗಳಿಗೆ ಹಂಚಬೇಕು. ಬೆನ್ನಿನ ನಡುಮಧ್ಯದಲ್ಲಿ ಗಟ್ಟಿಯಾದ ಯಾವ ವಸ್ತುವನ್ನೂ ಇಡಬಾರದು. ಹಿಂದಕ್ಕೆ ಬಿದ್ದಾಗ ಅದು ಬೆನ್ನುಮೂಳೆಗೇ ಪೆಟ್ಟುಮಾಡಬಹುದು. ವಾಹನದಲ್ಲಿ ಕೂರುವ ಮುನ್ನ ಹಿಂಜೇಬಿನ ಪಾಕೀಟನ್ನು ತೆಗೆದಿಡುವುದು ಒಳ್ಳೆಯದು.

ದೀರ್ಘಕಾಲ ನಿಲ್ಲಬೇಕಾದಾಗ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿರಬೇಕು. ಅವಕಾಶವಿದ್ದರೆ ಒಂದು ಪಾದವನ್ನು ಮೆಟ್ಟಿಲಿನಂತಹ ತುಸು ಎತ್ತರದ ಜಾಗದಲ್ಲಿಡಬಹುದು. ಆಗಾಗ್ಗೆ ನಾಲ್ಕು ಹೆಜ್ಜೆ ನಡೆಯುವುದರಿಂದ ಸ್ನಾಯುಗಳಿಗೆ ಬಿಡುವು ಸಿಗುತ್ತದೆ. ಬಂದೂಕನ್ನು ನಿಯಮಕ್ಕೆ ಅಡ್ಡಿಯಾಗದಂತೆ ಹೆಗಲಿನಿಂದ ಹೆಗಲಿಗೆ ಬದಲಿಸಬೇಕು. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳನ್ನು ತಜ್ಞರಿಂದ ಕಲಿತು ನಿತ್ಯವೂ ಮಾಡಬೇಕು. ಸೊಂಟದ ಸುತ್ತಳತೆಯು ಹೆಚ್ಚದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೇ. ಗರ್ಭಿಣಿಯರು ಬಿಗಿಯಾದ ಪಟ್ಟಿಯನ್ನು ಧರಿಸುವುದು ಸರಿಯಲ್ಲ.

ನೋವು ಬಂದಾಗ ವಾರಗಟ್ಟಲೆ ಹಾಸಿಗೆ ಹಿಡಿಯಬೇಕೆಂಬ ಹಳೆಯ ನಂಬಿಕೆಯನ್ನು ವೈದ್ಯವಿಜ್ಞಾನವು ಕೈಬಿಟ್ಟಿದೆ. ಬಹುತೇಕ ನಡುನೋವು ಲಘು ಚಟುವಟಿಕೆಯನ್ನು ಮುಂದುವರಿಸಿದಾಗಲೇ ಕೆಲವು ವಾರಗಳಲ್ಲಿ ಶಮನವಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ನೋವುನಿವಾರಕ ಮಾತ್ರೆಗಳನ್ನು ದಿನವೂ ನುಂಗುವುದು ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಅಪಾಯಕಾರಿ.

ಕೆಲವು ಲಕ್ಷಣಗಳನ್ನು ಮಾತ್ರ ಎಂದಿಗೂ ಕಡೆಗಣಿಸಬಾರದು. ಕಾಲಿನಲ್ಲಿ ಬಲಹೀನತೆ, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನವಿಲ್ಲದಿರುವುದು, ಮಲಮೂತ್ರಗಳ ಹಿಡಿತ ತಪ್ಪುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ನಂತರದ ತೀವ್ರ ನೋವು ಇವುಗಳಿಗೂ ಬೇಗನೆ ತಪಾಸಣೆ ಅಗತ್ಯ. ನಗರದ ಪೊಲೀಸ್ ಸಿಬ್ಬಂದಿಗಾಗಿ ನಾಗಪಾಡಾದಲ್ಲಿ ಪ್ರತ್ಯೇಕ ಆಸ್ಪತ್ರೆಯಿದೆ.

ಮೇಲಧಿಕಾರಿಗಳ ಹೊಣೆ

ಸಂವಿಧಾನದಂತೆ ಪೊಲೀಸ್ ವಿಷಯವು ರಾಜ್ಯಗಳ ಪಟ್ಟಿಗೆ ಸೇರಿದೆ. ಆದಾಗ್ಯೂ ಠಾಣೆಯ ಮಟ್ಟದಲ್ಲಿಯೇ ಆಗಬಹುದಾದ ಕೆಲಸಗಳು ಅನೇಕ. ಬಂದೋಬಸ್ತಿನ ವೇಳೆ ಸರದಿಯಂತೆ ಕುಳಿತುಕೊಳ್ಳಲು ಅವಕಾಶ, ವಿಶ್ರಾಂತಿಯ ಕೋಣೆಯಲ್ಲಿ ಪಟ್ಟಿಯನ್ನು ಸಡಿಲಿಸಲು ಅನುಮತಿ, ದೇಹದ ಅಳತೆಗೆ ಒಪ್ಪುವ ಪಟ್ಟಿಯ ವಿತರಣೆ ಇವು ಹೆಚ್ಚಿನ ವೆಚ್ಚವನ್ನು ಬಯಸುವುದಿಲ್ಲ. ನೋವನ್ನು ಹೇಳಿಕೊಂಡವರನ್ನು ಕೆಲಸಗಳ್ಳರೆಂದು ನೋಡುವ ಮನೋಭಾವವು ತೊಲಗುವುದು ಇವೆಲ್ಲಕ್ಕಿಂತ ಮುಖ್ಯ. ಬಗ್ಗಲಾರದ, ಓಡಲಾರದ ಪೊಲೀಸನು ಆಪತ್ತಿನ ಕ್ಷಣದಲ್ಲಿ ತನ್ನನ್ನಾಗಲಿ ನಾಗರಿಕರನ್ನಾಗಲಿ ರಕ್ಷಿಸಲಾರನು. ಆದುದರಿಂದ ಸಿಬ್ಬಂದಿಯ ಬೆನ್ನಿನ ಆರೋಗ್ಯವನ್ನು ಕಾಪಾಡುವುದು ನಗರದ ಸುರಕ್ಷತೆಯನ್ನು ಕಾಪಾಡುವ ಕಾರ್ಯದ ಅಂಗವೆಂದೇ ತಿಳಿಯಬೇಕು.