ದಂಡ ಬೆಳೆಯಿತು, ಕಾವಲು ಬೆಳೆಯಲಿಲ್ಲ

ಪಾಂಡವಪುರವನ್ನು ಹಳಬರು ಹಿರೋಡೆ ಎನ್ನುತ್ತಿದ್ದರು; ಬ್ರಿಟಿಷರ ಕಾಗದಪತ್ರಗಳಲ್ಲಿ ಅದು ಫ್ರೆಂಚ್ ರಾಕ್ಸ್. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಮಗ್ಗುಲಲ್ಲಿ ಪಾಳೆಯ ಹೂಡಿದ್ದರಿಂದ ಬಂದ ಹೆಸರು ಅದು. ಆ ಫ್ರಾನ್ಸಿಗೆ ಈಗ ನಮ್ಮವರು ಪ್ರವಾಸ ಹೋಗುತ್ತಾರೆ, ಹೋಗುವ ಮೊದಲೇ ಅಲ್ಲಿನ ಕಟ್ಟಳೆಗಳನ್ನು ವಿಚಾರಿಸಿಕೊಳ್ಳುತ್ತಾರೆ. ಪ್ಯಾರಿಸ್ ಮೆಟ್ರೊದಲ್ಲಿ ಹೊರಬರುವವರೆಗೂ ಟಿಕೆಟ್ ಜೋಪಾನವಾಗಿರಬೇಕು, ಸಿಗರೇಟಿನ ತುಂಡನ್ನು ಬೀದಿಗೆ ಎಸೆದರೆ 135 ಯೂರೊ ದಂಡ, 2025ರ ಬೇಸಿಗೆಯಿಂದ ಉದ್ಯಾನ ಮತ್ತು ಕಡಲತೀರಗಳಲ್ಲೂ ಸೇದುವಂತಿಲ್ಲ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಅದೇ ಜನ ಶ್ರೀರಂಗಪಟ್ಟಣಕ್ಕೋ ಮೇಲುಕೋಟೆಗೋ ಹೊರಟಾಗ ಇಂಥ ವಿಚಾರಣೆ ನಡೆಯುವುದಿಲ್ಲ. ಇಲ್ಲಿ ಕಾನೂನು ಇಲ್ಲವೆಂದಲ್ಲ. ಸಂರಕ್ಷಿತ ಸ್ಮಾರಕದ ಗೋಡೆಯ ಮೇಲೆ ಹೆಸರು ಕೆತ್ತಿದವನಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಪ್ಯಾರಿಸ್‌ನ 135 ಯೂರೊ ಇದರ ಮುಂದೆ ಸಣ್ಣದು. ಆದರೂ ಜನ ಅದಕ್ಕೆ ಅಂಜುತ್ತಾರೆ, ಇದಕ್ಕೆ ಅಂಜುವುದಿಲ್ಲ. ನಮ್ಮ ಸೀಮೆಯಲ್ಲಿ ದಂಡದ ಮೊತ್ತ ಏರುತ್ತ ಬಂದ ಕಥೆಯನ್ನು ಹಿಡಿದು ಹೋದರೆ ಇದರ ಕಾರಣ ಸಿಗುತ್ತದೆ: ಮೊತ್ತವನ್ನು ಏರಿಸುವ ಕೆಲಸ ಕಾಗದದ ಮೇಲೆ ಆಗುತ್ತ ಬಂತು, ಸಿಕ್ಕಿಬೀಳುವ ಖಾತರಿಯನ್ನು ಹೆಚ್ಚಿಸುವ ಕೆಲಸ ಹಿಂದೆ ಉಳಿಯಿತು.

ಈ ಕಥೆ ಬ್ರಿಟಿಷರಿಂದ ಶುರುವಾಗುವುದಿಲ್ಲ. ನಾಗಮಂಗಲ ತಾಲ್ಲೂಕಿನಲ್ಲಿ ಬಿಂಡಿಗನವಿಲೆ ಕಡೆಯ ಕಂಬದಹಳ್ಳಿಗೆ ಆ ಹೆಸರು ತಂದ ಎತ್ತರದ ಬ್ರಹ್ಮದೇವರ ಕಂಬ ಮತ್ತು ಅದರ ಹಿಂದಿನ ಪಂಚಕೂಟ ಬಸದಿ ಗಂಗರ ಕಾಲದಿಂದ ನಿಂತಿವೆ. ಅಲ್ಲಿಂದ ಕೆ.ಆರ್. ಪೇಟೆಯ ಹೊಸಹೊಳಲಿನವರೆಗೆ ಈ ನಾಡಿನ ಊರೂರಲ್ಲಿ ಶಾಸನಗಳಿವೆ. ದಾನಶಾಸನಗಳ ಕೊನೆಯ ಸಾಲುಗಳು ಬಹುಮಟ್ಟಿಗೆ ಒಂದೇ ಬಗೆಯವು. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುತ್ತದೆ, ಅವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುತ್ತಾನೆ ಎಂಬ ಶಾಪ. ಅಂದಿನ ದಂಡಸಂಹಿತೆ ಅದು. ಅದನ್ನು ಜಾರಿ ಮಾಡುವ ಅಧಿಕಾರಿ ಬೇಕಿರಲಿಲ್ಲ, ಓದಿದವನ ನಂಬಿಕೆಯೇ ಕಾವಲು ಕಾಯುತ್ತಿತ್ತು. ಜೊತೆಗೆ ಅಪರಾಧದ ಜಾಗದಲ್ಲೇ, ಜನರು ಆಡುವ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಅದನ್ನು ಕೊರೆದಿರುತ್ತಿದ್ದರು. ಶಾಪ ಎಷ್ಟು ಮಂದಿಯನ್ನು ತಡೆಯಿತು ಎಂದು ಯಾರೂ ಅಳೆಯಲಾರರು. ನಿಯಮವನ್ನು ಎಲ್ಲಿ ಬರೆಯಬೇಕು ಎಂಬ ತಿಳಿವಳಿಕೆಯಂತೂ ಶಾಸನ ಬರೆಸಿದವರಿಗೆ ಇತ್ತು.

ರೂಪಾಯಿಯ ಲೆಕ್ಕ ಬಂದದ್ದು ವೈಸರಾಯ್ ಕರ್ಜನ್ನನ ಕಾಲದಲ್ಲಿ. ಬ್ರಿಟಿಷ್ ಇಂಡಿಯಾಕ್ಕೆ 1904ರಲ್ಲಿ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಆಯಿತು. ಸ್ಮಾರಕವನ್ನು ಕೆಡಿಸಿದರೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ. ಮೈಸೂರು ಸಂಸ್ಥಾನಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಸಂಸ್ಥಾನ 1885ರಲ್ಲೇ ಬಿ.ಎಲ್. ರೈಸ್ ಅವರ ಕೈಗೆ ಪುರಾತತ್ವ ಇಲಾಖೆಯನ್ನು ಒಪ್ಪಿಸಿ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿತ್ತು. ಸ್ಮಾರಕ ಸಂರಕ್ಷಣೆಗೆ ತನ್ನದೇ ಆದ ರೆಗ್ಯುಲೇಷನ್ ಮಾಡಿಕೊಂಡದ್ದು 1925ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಸಂಸತ್ತು ಹಲವಾರು ಸ್ಮಾರಕಗಳನ್ನು ರಾಷ್ಟ್ರೀಯ ಮಹತ್ವದವು ಎಂದು ಘೋಷಿಸಿತು, 1958ರಲ್ಲಿ ಈಗಿರುವ ಕಾಯ್ದೆಯನ್ನು ತಂದಿತು. ಆ ಹೊಸ ಕಾಯ್ದೆಯಲ್ಲೂ ದಂಡ ಅದೇ 5,000, ಸೆರೆ ಅದೇ ಮೂರು ತಿಂಗಳು. 1904ರಲ್ಲಿ 5,000 ರೂಪಾಯಿ ಎಂದರೆ ಒಂದು ಮನೆತನವನ್ನೇ ಮುಳುಗಿಸಬಲ್ಲ ಹಣ. 2009ರಲ್ಲಿ ಅದು ಒಂದು ಕುಟುಂಬದ ವಾರಾಂತ್ಯದ ಖರ್ಚು. ನೂರು ವರ್ಷಕ್ಕೂ ಮಿಕ್ಕಿ ಅಂಕಿ ಅಲುಗಾಡದೆ ಕೂತಿತ್ತು. 2010ರ ತಿದ್ದುಪಡಿ ಅದನ್ನು ಒಂದೇ ನೆಗೆತಕ್ಕೆ ಲಕ್ಷಕ್ಕೆ ಒಯ್ದಿತು, ಸೆರೆಯನ್ನು ಎರಡು ವರ್ಷಕ್ಕೆ ಏರಿಸಿತು.

ಆ ಲಕ್ಷ ರೂಪಾಯಿ ಯಾವುದನ್ನು ಕಾಯಬೇಕು ಎಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಪಡುವಣ ಗೋಡೆಗಿಂತ ಒಳ್ಳೆಯ ಉದಾಹರಣೆ ಬೇಡ. 1784ರಲ್ಲಿ ಕಟ್ಟಿದ ಈ ತೇಗದ ಅರಮನೆಯ ಮೊಗಸಾಲೆಯಲ್ಲಿ 1780ರ ಪೊಲ್ಲಿಲೂರು ಕದನ ಹರಡಿಕೊಂಡಿದೆ. ಮುತ್ತಿಗೆಗೆ ಸಿಕ್ಕ ಇಂಗ್ಲಿಷ್ ಪಡೆ, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲುಸಾಲು ಕುದುರೆಗಳು. ಒಮ್ಮೆ ಸುಣ್ಣದ ಕೆಳಗೆ ಹೂತುಹೋಗಿದ್ದ ಈ ಚಿತ್ರಗಳನ್ನು 19ನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಬೇಕಾಯಿತು. ಈಗ ಬಿಸಿಲು ತಾಗದಂತೆ ಸುತ್ತಲೂ ತಟ್ಟಿ ಇಳಿಬಿಟ್ಟಿದ್ದಾರೆ. ಬಿಸಿಲಿಗೆ ತಟ್ಟಿ ಸಾಕು, ಬೆರಳಿಗೆ ಮತ್ತು ಬೀಗದಕೈಗೆ ಸಾಲದು. ಕೈಯೆಟಕುವ ಎತ್ತರದಲ್ಲಿ ಬಣ್ಣ ಒಮ್ಮೆ ಉದುರಿದರೆ ಯಾವ ದಂಡವೂ ಅದನ್ನು ಮರಳಿ ತರುವುದಿಲ್ಲ. ಅಲ್ಲಿ ನಿಂತ ಕಾವಲುಗಾರನಿಗೆ ಸ್ಥಳದಲ್ಲೇ ರಶೀದಿ ಹರಿದು ದಂಡ ವಸೂಲಿ ಮಾಡುವ ಅಧಿಕಾರವಿಲ್ಲ. ಅವನು ಮೇಲಧಿಕಾರಿಗೆ ಹೇಳಬೇಕು, ಪೊಲೀಸರಿಗೆ ದೂರು ಹೋಗಬೇಕು, ಮೊಕದ್ದಮೆ ಹೂಡಬೇಕು, ನ್ಯಾಯಾಲಯ ತೀರ್ಮಾನಿಸಬೇಕು. ಅಷ್ಟರಲ್ಲಿ ಕೆತ್ತಿದವನ ಬಸ್ಸು ಮೈಸೂರು ದಾಟಿರುತ್ತದೆ. ಶಿಕ್ಷೆ ದೊಡ್ಡದಾದಷ್ಟೂ ಅದನ್ನು ಪ್ರಯೋಗಿಸುವ ಕೈ ಹಿಂಜರಿಯುತ್ತದೆ. ಕಾಲೇಜು ಹುಡುಗನೊಬ್ಬನ ಮೇಲೆ ಎರಡು ವರ್ಷ ಸೆರೆಯ ಪ್ರಕರಣ ದಾಖಲಿಸಲು ಯಾವ ಕಾವಲುಗಾರನಿಗೂ ಮನಸ್ಸು ಬಾರದು. ಗದರಿಸಿ ಕಳಿಸುವುದೇ ವಾಡಿಕೆಯಾಗುತ್ತದೆ.

ಅಲ್ಲೇ ಹತ್ತಿರದ ರಂಗನತಿಟ್ಟಿನಲ್ಲಿ ಕಾಯ್ದೆ ಬೇರೆ, ನಡೆ ಬೇರೆ. ಕಾವೇರಿಗೆ 17ನೆಯ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಹುಟ್ಟಿದ ದಿಬ್ಬಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆಂಬ ಮನ್ನಣೆ ಬಂತು. 1972ರ ವನ್ಯಜೀವಿ ಕಾಯ್ದೆಯ ಸಾಮಾನ್ಯ ದಂಡ ಮೊದಲು 2,000 ರೂಪಾಯಿ ಇದ್ದದ್ದು 1991ರಲ್ಲಿ 25,000ಕ್ಕೆ, 2022ರ ತಿದ್ದುಪಡಿಯಲ್ಲಿ ಒಂದು ಲಕ್ಷಕ್ಕೆ ಏರಿತು. ಅಭಯಾರಣ್ಯದೊಳಗೆ ಪ್ರಾಣಿಪಕ್ಷಿಗಳನ್ನು ಕೆಣಕುವುದು ಮಾತ್ರವಲ್ಲ, ಕಸ ಹಾಕುವುದೂ ಈ ಕಾಯ್ದೆಯಡಿ ಅಪರಾಧ ಎಂಬುದು ಬಹಳ ಪ್ರವಾಸಿಗರಿಗೆ ತಿಳಿಯದು. ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆಯ ಅಭಯಾರಣ್ಯಕ್ಕೂ, 1981ರ ಆದಿಚುಂಚನಗಿರಿ ಮಯೂರಧಾಮಕ್ಕೂ ಇದೇ ಕಾನೂನು. ಆದರೆ ರಂಗನತಿಟ್ಟಿನಲ್ಲಿ ನಿಯಮ ಪಾಲನೆಯಾಗುವುದಕ್ಕೆ ಲಕ್ಷ ರೂಪಾಯಿಯ ಭಯ ಕಾರಣವೆಂದು ನನಗೆ ತೋರುವುದಿಲ್ಲ. ಹಕ್ಕಿಯ ಬಳಿ ಹೋಗಲು ಅಲ್ಲಿ ಇರುವುದು ದೋಣಿ, ದೋಣಿಯಲ್ಲಿ ಹುಟ್ಟು ಹಾಕುವವ ಇರುತ್ತಾನೆ. ಕೈ ನೀರಿಗಿಳಿದರೆ ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯ ಕಡೆ ಬೊಟ್ಟು ಮಾಡುತ್ತಾನೆ, ಯಾರಾದರೂ ಕೂಗಿದರೆ ಗೂಡಿನ ಕೊಕ್ಕರೆ ಎದ್ದೀತು ಎನ್ನುತ್ತಾನೆ. ನಿಯಮ ಅಲ್ಲಿ ಒಬ್ಬ ಮನುಷ್ಯನ ಬಾಯಿಂದ, ಬೇಕಾದ ಕ್ಷಣದಲ್ಲಿ, ಕಾರಣದೊಂದಿಗೆ ಬರುತ್ತದೆ.

ಇದಕ್ಕೂ ಬಲವಾದ ಸಾಕ್ಷಿ ಶ್ರೀರಂಗಪಟ್ಟಣದ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಮೀರಿದವರಿಂದ 500 ರೂಪಾಯಿ ವಸೂಲಿ ಮಾಡಿದರು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ ಹಾಕಿ, ಕ್ಯಾಮೆರಾಗಳನ್ನು ನಿಲ್ಲಿಸಿದರು. ಅತಿವೇಗಕ್ಕೆ ಕಾರಿನವರಿಗೆ ರಾಜ್ಯದಲ್ಲಿ ದಂಡ 1,000 ರೂಪಾಯಿ, ಅಂದರೆ ಗೋಡೆ ಕೆತ್ತಿದವನ ದಂಡದ ನೂರರಲ್ಲೊಂದು ಪಾಲು. ಆದರೂ ಮುಂದಿನ ದಿನಗಳಲ್ಲಿ ಆ ರಸ್ತೆಯ ಸಾವುಗಳು ಎದ್ದು ಕಾಣುವಂತೆ ಇಳಿದವು. ಕ್ಯಾಮೆರಾ ನಿದ್ದೆ ಮಾಡುವುದಿಲ್ಲ, ಮುಲಾಜು ನೋಡುವುದಿಲ್ಲ, ನೋಟಿಸು ಮನೆಗೇ ಬರುತ್ತದೆ. ಹೆದ್ದಾರಿಯಲ್ಲಿ ಇಷ್ಟು ಶಿಸ್ತಾಗಿ ಬಂದ ಕಾರು ಕೋಟೆಯ ಬಾಗಿಲು ದಾಟಿದ ಕೂಡಲೇ ಅದರೊಳಗಿನವರ ಶಿಸ್ತು ಸಡಿಲವಾಗುತ್ತದೆ ಎಂದಾದರೆ, ಬದಲಾದದ್ದು ಆ ಜನರ ಸ್ವಭಾವವಲ್ಲ, ಸಿಕ್ಕಿಬೀಳುವ ಖಾತರಿ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಶ್ರೀರಂಗಪಟ್ಟಣ ಬರೀ ಪ್ರವಾಸಿ ತಾಣವಲ್ಲ, ರಂಗನಾಥನ ಕ್ಷೇತ್ರ. ಪಶ್ಚಿಮವಾಹಿನಿಗೆ ಬರುವವರು ಮನೆಯವರ ಅಸ್ಥಿ ಹೊತ್ತು ಬರುತ್ತಾರೆ, 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲೇ ವಿಸರ್ಜಿಸಲಾಯಿತು. ದುಃಖದಲ್ಲಿರುವವರ ಮುಂದೆ ರಶೀದಿ ಪುಸ್ತಕ ಹಿಡಿದು ನಿಲ್ಲುವುದು ಯಾವ ನ್ಯಾಯ ಎಂದು. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕ್ರಿಯೆಗೆ ಬೇಕಾದ ಬೂದಿ, ಎಳ್ಳು, ನೀರು ಒಂದು. ನದಿಯಲ್ಲಿ ಬಿಟ್ಟುಹೋಗುವ ಬಟ್ಟೆ, ಪ್ಲಾಸ್ಟಿಕ್ ಕವರು, ಶಾಂಪೂ ಪೊಟ್ಟಣ ಇನ್ನೊಂದು. ಎರಡನೆಯದಕ್ಕೆ ಶಾಸ್ತ್ರದ ಬಲವಿಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ತಡೆಯಲು, ಭಕ್ತರು ನೀರಿನಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳಲು ಸೂಚಿಸಿದರು. ಈ ಸೂಚನೆಯ ಹಿಂದಿನ ಯೋಚನೆ ನನಗೆ ಮೆಚ್ಚುಗೆಯಾಯಿತು. ಮೀಯಲು ಬಂದ ಸಾವಿರ ಜನರನ್ನು ಬೆನ್ನಟ್ಟುವ ಬದಲು ಘಟ್ಟದ ಮೇಲಿನ ಹತ್ತಾರು ಅಂಗಡಿಗಳ ಕಡೆ ಕಣ್ಣಿಟ್ಟರೆ ಕಾವಲು ಸಾಧ್ಯವಾಗುತ್ತದೆ, ಭಕ್ತನ ಗೌರವವೂ ಉಳಿಯುತ್ತದೆ. ಅಂಗಡಿಯವರಿಗೆ ಬದಲಿ ಸರಕು, ಬಟ್ಟೆ ಹಾಕಲು ದಡದಲ್ಲೊಂದು ತೊಟ್ಟಿ ಕೊಡದಿದ್ದರೆ ಮಾತ್ರ ಅದು ಬಡವರ ಮೇಲಿನ ಬರೆಯಾಗುತ್ತದೆ.

ಎರಡನೆಯ ಆಕ್ಷೇಪ ಊರಿನವರದು, ಇನ್ನೂ ಮೊನಚಾದದ್ದು. ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು 1992ರ ಅಧಿಸೂಚನೆ ಹೇಳಿತ್ತು. 2010ರಲ್ಲಿ ಅದು ಕಾಯ್ದೆಯೊಳಗೇ ಸೇರಿತು. ಹೆಜ್ಜೆಗೊಂದು ಸ್ಮಾರಕವಿರುವ ಶ್ರೀರಂಗಪಟ್ಟಣದಲ್ಲಿ ಇದರ ಅರ್ಥ, ಹೊಸ ಕೋಣೆ ಕಟ್ಟುವಂತಿಲ್ಲ, ಸೋರುವ ಮಾಡನ್ನು ಸರಿಪಡಿಸಲೂ ಅನುಮತಿ ಬೇಕು. ತಲೆಮಾರುಗಳಿಂದ ಇಲ್ಲೇ ಇರುವವನಿಗೆ ಕಾನೂನು ದಿನವೂ ಎದುರಾಗುತ್ತದೆ, ಅರ್ಧ ದಿನಕ್ಕೆ ಬಂದವನಿಗೆ ಎದುರಾಗುವುದೇ ಇಲ್ಲ. ರೈಲು ಜೋಡಿಮಾರ್ಗಕ್ಕೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಕೆಡವದೆ, 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ರೈಲ್ವೆಯಂಥ ರೈಲ್ವೆಯೇ ಪರಂಪರೆಯ ಮುಂದೆ ಬಾಗಿದ ಆ ಕೆಲಸ ಹೆಮ್ಮೆಯದು. ಹಾಗಿರುವಾಗ ಮನೆ ದುರಸ್ತಿಯ ಅರ್ಜಿ ಬೇಗ ಇತ್ಯರ್ಥವಾಗಬೇಕು ಎಂದು ಊರಿನವರು ಕೇಳುವುದು ಹೆಚ್ಚಲ್ಲ. ಕಾನೂನು ತನಗೆ ಮಾತ್ರ ಎಂದು ಅನ್ನಿಸಿದ ಊರು ಪ್ರವಾಸಿಗನ ತಪ್ಪನ್ನು ಕಂಡೂ ಸುಮ್ಮನಿರುತ್ತದೆ, ಅದರ ಮೌನವನ್ನು ದೂರಲಾಗದು.

ಊರು ಸುಮ್ಮನಿರದಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ತೋರಿಸಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹಿತ್ತಲ ಮರಗಳಲ್ಲಿ ಗೂಡು ಕಟ್ಟುವ ಆ ಊರಿನಲ್ಲಿ ಹಕ್ಕಿಗಳನ್ನು ಕಾದದ್ದು ಹಳ್ಳಿಯವರೇ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ. ಹಾಗಾದರೆ ದಂಡವೇಕೆ, ಅರಿವು ಮೂಡಿಸಿದರೆ ಸಾಲದೇ ಎಂದು ಕೇಳುವವರು ಈ ಹೆಸರನ್ನೇ ಹೇಳುತ್ತಾರೆ. ನನ್ನ ಉತ್ತರವೂ ಅಲ್ಲೇ ಇದೆ. ಬೆಳ್ಳೂರಿನಲ್ಲಿ ಗೂಡಿಗೆ ಕಲ್ಲೆಸೆದ ಹುಡುಗನ ಮನೆ ಎಲ್ಲರಿಗೂ ಗೊತ್ತು, ಅವನು ನಾಳೆ ಅದೇ ಬೀದಿಯಲ್ಲಿ ಓಡಾಡಬೇಕು. ಶ್ರೀರಂಗಪಟ್ಟಣದ ಸಂಗಮದಲ್ಲಿ ಬಾಟಲಿ ಒಡೆದವನ ಗುರುತು ಯಾರಿಗೂ ಇಲ್ಲ. ಅರಿವು ಇರುವವರಿಗೆ ಇರುತ್ತದೆ, ಉಳಿದವರಿಗಾಗಿ ಹೊಸ ವರ್ಷದ ಹೊತ್ತಿಗೆ ಕಾವೇರಿ ದಡದ ಬಲಮುರಿ, ಎಡಮುರಿ, ಸಂಗಮಗಳಿಗೆ ನಿಷೇಧಾಜ್ಞೆ ಹೊರಡಿಸಿ ಎಲ್ಲರನ್ನೂ ದೂರವಿಡಬೇಕಾಗುತ್ತದೆ. ತಪ್ಪಿತಸ್ಥನನ್ನು ಹಿಡಿಯಲಾರದ ಆಡಳಿತ ಇಡೀ ಹೊಳೆಗೇ ಬಾಗಿಲು ಹಾಕುತ್ತದೆ, ನೆಟ್ಟಗೆ ಬಂದು ಹೋಗುವ ಸಂಸಾರಸ್ಥರಿಗೂ ಅದರ ಬಿಸಿ ತಾಗುತ್ತದೆ.

ಸ್ಥಳದಲ್ಲೇ ದಂಡ ಎಂದರೆ ಲಂಚಕ್ಕೆ ದಾರಿ ಎಂಬ ಮಾತೂ ಇದೆ. ರಶೀದಿಯಿಲ್ಲದೆ ಕೈಗೆ ಹಣ ಕೊಡುವ ಪದ್ಧತಿಯಾದರೆ ಖಂಡಿತ ಹೌದು. ಫ್ರಾನ್ಸಿನಲ್ಲಿ ಇಂಥ ಸಣ್ಣ ತಪ್ಪುಗಳಿಗೆ ನಿಗದಿತ ಮೊತ್ತವಿದೆ, ಬೇಗ ಕಟ್ಟಿದರೆ ಹಲವಕ್ಕೆ ರಿಯಾಯಿತಿ, ತಡಮಾಡಿದರೆ ಏರಿಕೆ, ಚೌಕಾಸಿಗೆ ಜಾಗವಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವವರ ಮೇಲೆ 2003ರ ತಂಬಾಕು ಕಾಯ್ದೆಯಡಿ ನಮ್ಮಲ್ಲೂ ಹೀಗೆಯೇ ಸ್ಥಳದಲ್ಲಿ ವಸೂಲಿ ನಡೆಯುತ್ತದೆ. ಕರ್ನಾಟಕ ಆ 200 ರೂಪಾಯಿಯನ್ನು 1,000ಕ್ಕೆ ಏರಿಸಿದೆ. ಸ್ಮಾರಕಕ್ಕೂ ಅಂಥದೇ ಎರಡನೆಯ ಮೆಟ್ಟಿಲು ಬೇಕು. ಕೆತ್ತನೆ ಒಡೆದವನಿಗೆ ಲಕ್ಷದ ಕಲಮು ಇರಲಿ. ಗೋಡೆಯ ಮೇಲೆ ಗೀಚಿದವನಿಗೆ, ಕೋಟೆಯೊಳಗೆ ತಟ್ಟೆ ಲೋಟ ಬಿಸಾಡಿದವನಿಗೆ ಸಾವಿರ ರೂಪಾಯಿ ಫೋನಿನಲ್ಲೇ ಖಜಾನೆಗೆ ಹೋಗಲಿ, ಅದರಲ್ಲೊಂದು ಪಾಲು ಆ ಊರಿನ ಪುರಸಭೆಗೋ ಪಂಚಾಯಿತಿಗೋ ಸೇರಲಿ. ಇದಕ್ಕೆ ಸಂಸತ್ತು ಕಾಯ್ದೆಯನ್ನು ತಿದ್ದಬೇಕು, ಸಮಯ ಹಿಡಿಯುತ್ತದೆ. ದರಿಯಾ ದೌಲತ್ತಿನ ಟಿಕೆಟ್ಟಿನ ಹಿಂಬದಿಯಲ್ಲಿ, ರಂಗನತಿಟ್ಟಿನ ದೋಣಿಕಟ್ಟೆಯಲ್ಲಿ, ಕಂಬದಹಳ್ಳಿಯ ಬಸದಿಯ ಬಾಗಿಲಲ್ಲಿ ಏನು ಮಾಡಬಾರದು, ಮಾಡಿದರೆ ಎಷ್ಟು ದಂಡ ಎಂದು ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ನಾಲ್ಕು ಸರಳ ಸಾಲು ಅಚ್ಚು ಹಾಕಿಸಲು ಯಾವ ತಿದ್ದುಪಡಿಯೂ ಬೇಡ. ಬರುವ ದಸರಾ ರಜೆಯ ನೂಕುನುಗ್ಗಲಿಗೆ ಮುಂಚೆ ಅಷ್ಟನ್ನು ಇಲಾಖೆಗಳು ಮಾಡಿ ಮುಗಿಸಬಹುದು.